ಒಂದೇ ಎತ್ತರದ ಗೂಡುಗಳು

ಏಪ್ರಿಲ್ ೬

ಅಕ್ಕಾ,

ಬಂದು ಸೇರಿದೆ. ಬಸ್ಸಿಳಿದ ಮೇಲೆ ನೀರಿನ ಟ್ಯಾಂಕರಿನಲ್ಲಿ ಕೂತು ಬರಬೇಕಾಯಿತು. ಈ ಒಣನಾಡಿಗೆ ತಪ್ಪದೆ ಬರುವ ಗಾಡಿ ಅದೊಂದೇ. ಓಡಿಸುವವಳು ಐವತ್ತರ ಆಸುಪಾಸಿನ ಹೆಂಗಸು, ಎಲ್ಲರ ಬಾಯಲ್ಲೂ ಟ್ಯಾಂಕರಮ್ಮ. ವಾರಕ್ಕೆರಡು ಸಲ ನೀರು ತರುತ್ತಾಳೆ, ಅದರ ಜೊತೆಗೆ ಅಂಚೆಯನ್ನೂ. ಫೋನಿಗೆ ಸಿಗ್ನಲ್ ಇಲ್ಲ, ಹಾಗಾಗಿ ನಮಗಿಬ್ಬರಿಗೂ ಕಾಗದವೇ ಗತಿ. ನನ್ನ ಅಕ್ಷರ ಓದಲು ನಿನ್ನ ಅಂಗಡಿಯಲ್ಲಿರುವ ಅತಿ ದಪ್ಪ ಕನ್ನಡಕ ಹಾಕಿಕೊ.

ನೀನು ಬಸ್ ನಿಲ್ದಾಣದಲ್ಲಿ ಹೇಳಿದ್ದು ಕಿವಿಯಲ್ಲೇ ಇದೆ: "ನೀರು ಎಂದೂ ಒಳಗೆ ಬರದ ಮನೆ ಬೇಕು ಕಣೋ, ಅಷ್ಟೇ. ಬೇರೆ ಏನೂ ಕೇಳಲ್ಲ." ಪುನರ್ವಸತಿ ಕಚೇರಿಯವರು ನೆರೆಗೆ ಸಿಕ್ಕ ನಮ್ಮಂಥ ಹೊಳೆ ದಂಡೆಯವರಿಗೆ ಕೊಟ್ಟಿರುವುದು ಎರಡೇ ದಾರಿ, ನಾಲ್ಕನೇ ಮಹಡಿಯ ಫ್ಲ್ಯಾಟ್ ಇಲ್ಲವೇ ಇಲ್ಲಿಯ ಜಾಗ. ಜೂನ್ ಮೂವತ್ತರೊಳಗೆ ಸಹಿ, ಹಾಕಿದ ಮೇಲೆ ಬದಲಿಸುವ ಹಾಗಿಲ್ಲ. ಲಿಫ್ಟ್ ರಿಪೇರಿ ಮಾಡಿಯೇ ಬದುಕುವವನು ನಾನು, ಅದು ಎಷ್ಟು ಸಲ ಕೆಡುತ್ತದೆ ಎಂದು ಗೊತ್ತು. ನಿನ್ನ ಮಂಡಿನೋವು ನೋಡಿಕೊಂಡು ನಿನ್ನನ್ನು ನಾಲ್ಕನೇ ಮಹಡಿಗೆ ಏರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದಕ್ಕೇ ಕೆಲಸಕ್ಕೆ ರಜೆ ಹಾಕಿ ಬಂದಿದ್ದೇನೆ. ಇಲ್ಲಿ ಬದುಕಲು ಆಗುತ್ತದೋ ಇಲ್ಲವೋ ನೋಡಿಯೇ ಹೇಳುತ್ತೇನೆ.

ಜಾಗ ಚೆನ್ನಾಗಿದೆ ಅಕ್ಕಾ. ಎರಡೂ ಬದಿ ಮುಳ್ಳುಮರಗಳ ಸಾಲು, ನಡುವೆ ಅಗಲವಾದ ಮರಳು, ಯಾರೋ ಗುಡಿಸಿಟ್ಟ ಅಂಗಳದ ಹಾಗೆ ಸಮ. ಮನೆ ಕಟ್ಟಲು ಹೇಳಿ ಮಾಡಿಸಿದ ಹಾಗಿದೆ. ಮೂಲೆಯಲ್ಲೊಂದು ದಿಬ್ಬವೂ ಉಂಟು, ಆದರೆ ಅಲ್ಲಿ ಗಾಳಿಗೆ ಲೋಟದಲ್ಲಿ ಟೀಗಿಂತ ಮಣ್ಣೇ ಜಾಸ್ತಿ. ಟ್ಯಾಂಕರಮ್ಮ "ಟೆಂಟು ದಿಬ್ಬದ ಮೇಲೆ ಹಾಕ್ಕೊಳಪ್ಪ" ಅಂದಳು. ಅವಳಿಗೆ ಗಾಡಿ ನಿಲ್ಲಿಸಲು ಅದು ಸುಲಭ, ಅದಕ್ಕೇ ಹೇಳಿರಬೇಕು. ನಾನು ಮರಳಿನ ಮೇಲೇ ಹಾಕಿದೆ. ಟೆಂಟಿನ ಕಂಬಕ್ಕೆ ಸಾಮಾನಿಡಲು ಒಂದು ಹಲಗೆಯನ್ನೂ ಕಟ್ಟಿದೆ. ನಿನಗೆ ಎಟುಕುವುದಿಲ್ಲ ಎಂದು ಹೊಳೆದದ್ದು ಆಮೇಲೆ.

ಒಂದು ವಿಚಿತ್ರ ಹೇಳುತ್ತೇನೆ. ಇಲ್ಲಿಯ ಹಕ್ಕಿಗಳಿಗೆ ಗೂಡು ಕಟ್ಟಲು ಬರುವುದಿಲ್ಲ. ಕಡ್ಡಿ, ಹುಲ್ಲು ಎಲ್ಲ ಕಂತೆ ಕಂತೆಯಾಗಿ ತುರುಕಿಟ್ಟಿವೆ. ಆದರೆ ಪ್ರತಿ ಮರದಲ್ಲೂ ಒಂದೇ ಎತ್ತರಕ್ಕೆ! ಇಂಜಿನಿಯರ್ ಹಕ್ಕಿಗಳಿರಬೇಕು.

ನಿನ್ನ ತಮ್ಮ

*

ಏಪ್ರಿಲ್ ೧೫

ತಮ್ಮಾ,

ನಿನ್ನ ಅಕ್ಷರಕ್ಕೆ ಕನ್ನಡಕ ಸಾಲದು, ಭೂತಗನ್ನಡಿಯೇ ಬೇಕಾಯಿತು. ಅಂಗಡಿಗೆ ಬಂದ ಗಿರಾಕಿಯೊಬ್ಬರು ಕಣ್ಣು ಪರೀಕ್ಷೆಯ ಹಲಗೆಯ ಕೊನೇ ಸಾಲು ಎಂದುಕೊಂಡು ನಿನ್ನ ಕಾಗದವನ್ನೇ ಓದಲು ಹೊರಟರು.

ಎಟುಕದ ಹಲಗೆಯ ಸುದ್ದಿ ನನಗೆ ಹೊಸದೇನಪ್ಪಾ? ಈ ಮನೆಯಲ್ಲಿ ನೀನು ಹೊಡೆದ ಒಂದೊಂದು ಮೊಳೆಗೂ ನಾನು ಸ್ಟೂಲ್ ಹತ್ತಬೇಕು. ಬಯ್ದೂ ಬಯ್ದೂ ಬಾಯಿ ನೋವು ಬಂತು.

"ಜಾಗ ಚೆನ್ನಾಗಿದೆ" ಎಂದರೆ ಮುಗಿಯಿತೇ? ಅಂಗಳದ ಮಣ್ಣನ್ನು ಗಾಜಿನ ಬಾಟಲಿಗೆ ಅರ್ಧ ತುಂಬು, ನೀರು ಹಾಕಿ ಚೆನ್ನಾಗಿ ಕುಲುಕಿ, ಒಂದು ದಿನ ಮುಟ್ಟದೆ ಇಡು. ಯಾವ ಮಣ್ಣು ಎಷ್ಟಿದೆ ಎಂದು ಪದರ ಪದರವಾಗಿ ಕಾಣುತ್ತದೆ. ಟ್ಯಾಂಕರ್ ಕೆಟ್ಟು ನಿಂತರೆ ಅಲ್ಲಿಯ ಜನ ಏನು ಕುಡಿಯುತ್ತಾರೆ? ನನ್ನ ಮಂಡಿ ಕೈಕೊಟ್ಟರೆ ಡಾಕ್ಟರು ಎಷ್ಟು ದೂರ? ಆಪತ್ತಿಗೆಂದು ಮನೆಮನೆಯಲ್ಲಿ ಏನು ಕಟ್ಟಿಟ್ಟುಕೊಂಡಿರುತ್ತಾರೆ? ನಾಚಿಕೆಪಡದೆ ಅವರ ಮನೆಗಳಿಗೆ ಹೋಗಿ ನೋಡು. ಹೇಗೂ ನಿನಗೆ ಇನ್ನೊಬ್ಬರ ಮನೆಯ ಟೀ ಎಂದರೆ ಪ್ರಾಣ.

ಆ ಗೂಡುಗಳ ವಿಷಯ ಇನ್ನೂ ಬರೆ. ಯಾವ ಹಕ್ಕಿ? ನೆಲದಿಂದ ಎಷ್ಟು ಎತ್ತರ? ಕೈ ಹಾಕಿ ನೋಡಿದೆಯಾ, ಮೊಟ್ಟೆ ಇದೆಯಾ? ನನಗ್ಯಾಕೋ ಕುತೂಹಲ.

ಅಕ್ಕ

*

ಏಪ್ರಿಲ್ ೨೫

ಅಕ್ಕಾ,

ನಿನ್ನ ಪ್ರಶ್ನೆಗಳಿಗೆ ಉತ್ತರ ಹುಡುಕಲು ಇದ್ದಬದ್ದ ಮನೆಗಳ ಟೀಯನ್ನೆಲ್ಲ ಕುಡಿದೆ. ಹೊಟ್ಟೆ ಉಬ್ಬರ, ಆದರೆ ತಲೆ ತುಂಬಿದೆ.

ಇಲ್ಲಿಯವರ ನೀರಿನ ಬುದ್ಧಿ ಕಂಡು ಬೆರಗಾದೆ. ಪ್ರತಿ ಮನೆಯ ಸೂರಿಗೂ ಮಳೆನೀರು ಹಿಡಿಯುವ ತಗಡಿನ ದೋಣಿ, ಅದರಿಂದ ಕೊಳವೆ, ಕೆಳಗೆ ನೆಲದೊಳಗೆ ತೊಟ್ಟಿ. ಬಾವಿ ತೋಡಿದರೆ ಉಪ್ಪುನೀರು, ಅದು ತೊಳೆಯಲು ಬಳಿಯಲು ಮಾತ್ರ. ಟ್ಯಾಂಕರ್ ನಿಂತರೂ ತೊಟ್ಟಿಯ ನೀರಿನಲ್ಲಿ ತಿಂಗಳು ತಳ್ಳಬಹುದಂತೆ. ಡಾಕ್ಟರು ದೂರ, ಅದನ್ನು ಮುಚ್ಚಿಡುವುದಿಲ್ಲ. ನರ್ಸ್ ಒಬ್ಬರು ವಾರಕ್ಕೊಮ್ಮೆ ಟ್ಯಾಂಕರಿನಲ್ಲೇ ಬರುತ್ತಾರೆ. ರಾತ್ರಿ ಚಳಿಗೆ ಹಲ್ಲು ಕಟಕಟ ಎನ್ನುತ್ತದೆ, ಮಧ್ಯಾಹ್ನ ತಲೆ ಮೇಲೆ ಒದ್ದೆ ಬಟ್ಟೆ ಬೇಕು.

ಬಾಗಿಲ ಪಕ್ಕ ಮೊಳೆಗೆ ಎಲ್ಲರೂ ಒಂದು ಚೀಲ ನೇತುಹಾಕಿರುತ್ತಾರೆ. ಒಳಗೆ ಟಾರ್ಚ್, ಮಾತ್ರೆ, ನೀರಿನ ಬಾಟಲಿ, ಒಂದು ಉದ್ದನೆಯ ಹಗ್ಗ. ಬರಗಾಲಕ್ಕೆ ಹಗ್ಗ ಯಾಕೋ, ಕೇಳಲು ಮರೆತೆ. ಮನೆ ಮುಂದೆ ರೈಲುಕಂಬಿಯ ಒಂದು ತುಂಡು ತೂಗುತ್ತಿರುತ್ತದೆ. ಮಕ್ಕಳನ್ನು ಊಟಕ್ಕೆ ಕರೆಯಲು ಇರಬೇಕು.

ಬಾಟಲಿಯ ಮಣ್ಣು ನೋಡಿದರೆ ಕುಣಿಯುತ್ತೀಯ! ತಳದಲ್ಲಿ ಮರಳು, ಅದರ ಮೇಲೆ ಬೆರಳು ದಪ್ಪದ ಮೆಕ್ಕಲು, ಥೇಟ್ ನಮ್ಮ ಹೊಳೆ ದಂಡೆಯದೇ ಬಣ್ಣ. ತರಕಾರಿ ಬೆಳೆದು ಟ್ಯಾಂಕರಮ್ಮನಿಗೇ ಕಳಿಸೋಣ.

ಗೂಡುಗಳು ನನ್ನ ಎದೆಯ ಎತ್ತರಕ್ಕಿವೆ. ಹಕ್ಕಿಯ ಸುಳಿವೇ ಇಲ್ಲ, ಮೊಟ್ಟೆಯೂ ಇಲ್ಲ. ಒಂದರಲ್ಲಿ ಚಪ್ಪಲಿಯ ಪಟ್ಟಿ, ಇನ್ನೊಂದರಲ್ಲಿ ಮುರಿದ ಬಾಚಣಿಗೆ ಸಿಕ್ಕವು. ಶೋಕಿ ಹಕ್ಕಿ.

ನಿನ್ನೆ ಸುಣ್ಣದ ಪುಡಿಯಿಂದ ಮರಳಿನ ಮೇಲೆ ಮನೆಯ ಗೆರೆ ಎಳೆದೆ. ಮೊದಲು ಎಳೆದದ್ದು ನಿನ್ನ ಕೋಣೆ. ಕಿಟಕಿ ಮೂಡಣಕ್ಕೆ. ಬೆಳಕು ಚೆನ್ನಾಗಿದ್ದರೆ ಕನ್ನಡಕದ ಗಾಜು ಉಜ್ಜುವ ಕೆಲಸ ಇಲ್ಲೂ ಮಾಡಬಹುದಲ್ಲ.

ತಮ್ಮ

*

ಮೇ ೪

ತಮ್ಮಾ,

ಕಾಗದ ಸಿಕ್ಕಿತು. ಕೋಣೆ ದೊಡ್ಡದಾಗಿಯೇ ಎಳೆದಿದ್ದೀಯ, ಸಂತೋಷ.

ಒಂದು ಮಾತು ನಡೆಸಿಕೊಡು. ಇದು ಕೈಸೇರಿದ ದಿನವೇ ಟೆಂಟನ್ನು ದಿಬ್ಬದ ಮೇಲಕ್ಕೆ ಎತ್ತು. ಯಾಕೆ ಏನು ಎಂದು ಕೇಳಬೇಡ. ಹಾವು ಚೇಳಿನ ಭಯ ಎಂದುಕೊ. ಟೀಯಲ್ಲಿ ಮಣ್ಣು ಬಿದ್ದರೆ ಸೋಸಿಕೊಂಡು ಕುಡಿ. ಅಕ್ಕನ ಮೇಲೆ ಆಣೆ.

ಗೂಡಿನ ಕಡ್ಡಿಗಳೆಲ್ಲ ಮರದ ಒಂದೇ ಮಗ್ಗುಲಿಗೆ ಒತ್ತಿಕೊಂಡಿವೆಯಾ? ನೋಡಿ ಬರೆ.

ಬಾಗಿಲ ಬಳಿಯ ಆ ಚೀಲದಲ್ಲಿ ಕನ್ನಡಕ ಇತ್ತೇ? ಇರಲಿಕ್ಕಿಲ್ಲ. ನಮ್ಮಲ್ಲಿ ನೀರು ಬಂದು ಇಳಿದ ಮೇಲೆ ಅಂಗಡಿಗೆ ಬಂದವರೆಲ್ಲ ಹೇಳಿದ್ದು ಅದನ್ನೇ. ಕಾಗದಪತ್ರ ಹಿಡಿದುಕೊಂಡು ಓಡಿದರು, ಕನ್ನಡಕ ಬಿಟ್ಟು ಹೋದರು, ಆಮೇಲೆ ಆ ಕಾಗದಪತ್ರವನ್ನು ಓದಲು ಆಗಲಿಲ್ಲ. ಅವರಿಗೆ ಹೇಳು, ಹಳೆಯದಾದರೂ ಸರಿ, ಒಂದು ಜೊತೆ ಚೀಲದಲ್ಲಿ ಹಾಕಿಡಲಿ.

ಅಕ್ಕ

*

ಮೇ ೨೨

ಪ್ರೀತಿಯ ಅಕ್ಕನಿಗೆ,

ನಾನು ಕುಶಲ. ನಿನ್ನ ಆಣೆಗೆ ಹೆದರಿ ಆವತ್ತೇ ಟೆಂಟನ್ನು ದಿಬ್ಬಕ್ಕೆ ಸಾಗಿಸಿದೆ. ದಾರಿ ರಿಪೇರಿಯಲ್ಲಿದ್ದ ಕಾರಣ ಒಂದು ವಾರ ಟ್ಯಾಂಕರ್ ಬರಲಿಲ್ಲ, ಅದಕ್ಕೇ ಉತ್ತರ ತಡವಾಯಿತು.

ಹವಾಮಾನ ಒಣಹವೆ. ಆರೋಗ್ಯಕ್ಕೆ ಒಳ್ಳೆಯದು. ನೆರೆಹೊರೆಯವರು ಸಜ್ಜನರು. ಕನ್ನಡಕದ ಮಾತು ಹೇಳಿದೆ, ಎಲ್ಲರಿಗೂ ಹಿಡಿಸಿತು.

ಮನೆಯನ್ನು ಮರಳಿನ ಬದಲು ದಿಬ್ಬದ ಮೇಲೇ ಕಟ್ಟಿದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ. ನೋಟ ಚೆನ್ನಾಗಿರುತ್ತದೆ. ಗೂಡುಗಳ ವಿಷಯ ಬಿಡು, ಹಕ್ಕಿಗಳು ಹಾರಿಹೋದವು. ನನ್ನ ಒಂದು ಬನಿಯನ್ ಕಳೆದುಹೋಯಿತು, ಬರುವಾಗ ಎರಡು ತಾ.

ಸಹಿ ಹಾಕುವ ವಿಚಾರದಲ್ಲಿ ನಿನಗೆ ಅನುಮಾನ ಬೇಡ. ನೀರು ಎಂದೂ ಒಳಗೆ ಬರದ ಮನೆ ನಿನಗೆ ಸಿಗುತ್ತದೆ.

ಇಂತಿ, ನಿನ್ನ ಪ್ರೀತಿಯ ತಮ್ಮ

*

ಮೇ ೩೧

ತಮ್ಮಾ,

"ನಾನು ಕುಶಲ" ಅಂತೆ! "ಇಂತಿ ನಿನ್ನ ಪ್ರೀತಿಯ" ಅಂತೆ! ನೀನು ಹುಟ್ಟಿದಾಗಿನಿಂದ ನಿನ್ನ ಮುಖ ನೋಡುತ್ತಿದ್ದೇನೆ. ನನ್ನ ಕಿವಿ ಮೇಲೆ ಹೂ ಇಡಲು ಬಂದೆಯಾ?

ನಿನ್ನ ಕಾಗದ ಬಿಡಿಸಿದಾಗ ಮಡಿಕೆಯಿಂದ ಕಂದು ಪುಡಿ ಉದುರಿತು. ಗಾಜಿನ ತುಂಡಿನ ಮೇಲೆ ಎತ್ತಿಕೊಂಡು ಭೂತಗನ್ನಡಿ ಹಿಡಿದೆ. ಗಾಳಿ ತಂದ ಧೂಳು ಹಾಗಿರುವುದಿಲ್ಲ. ಹಿಟ್ಟಿನಷ್ಟು ನುಣ್ಣಗಿದೆ, ಒದ್ದೆಯಾಗಿ ಒಣಗಿ ಹಪ್ಪಳದ ಹಾಗೆ ಎದ್ದಿದೆ. ಈ ಮನೆಯ ಗೋಡೆಯಿಂದ ಅದನ್ನೇ ವಾರಗಟ್ಟಲೆ ಕೆರೆದವಳು ನಾನು. ಅಲ್ಲಿ ನೀರು ಬಂತು, ಅಲ್ಲವೇ?

ನಿನ್ನ ಮೊದಲ ಕಾಗದ ಓದಿದಾಗಲೇ ನನಗೆ ಅನುಮಾನ ಬಂದಿತ್ತು. ಕಂತೆ ಕಂತೆ ಕಡ್ಡಿ, ಎಲ್ಲ ಒಂದೇ ಎತ್ತರಕ್ಕೆ. ಹಕ್ಕಿ ಎಲ್ಲಾದರೂ ಹಾಗೆ ಕಟ್ಟುತ್ತದೆಯೇ? ನೀರು ಇಳಿದ ಮೇಲೆ ನಮ್ಮ ಬೀದಿಯ ಮರಗಳಲ್ಲೂ ಹಾಗೆಯೇ ತೂಗುತ್ತಿತ್ತು. ನೀನು ನೋಡಿರಲಿಲ್ಲ. ಆಗ ನೀನು ಆಸ್ಪತ್ರೆಯ ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಇಳಿಸುತ್ತಿದ್ದೆ, ನಾಲ್ಕು ದಿನ ಬಿಟ್ಟು ಬಂದೆ. ಅಷ್ಟರಲ್ಲಿ ನಾವು ಎಲ್ಲ ಕಿತ್ತು ಸುಟ್ಟಿದ್ದೆವು.

ಹಾಗಾದರೆ ನಾನೇಕೆ ಬಾಯಿ ಬಿಡಲಿಲ್ಲ? ಹೇಳಲು ನಾಚಿಕೆ. ಆವತ್ತಿನಿಂದ ನನಗೆ ಎಲ್ಲೆಲ್ಲೂ ನೀರಿನ ಗೆರೆಯೇ ಕಾಣುತ್ತದೆ. ಗಿರಾಕಿಯ ಅಂಗಿಯ ಮಡಿಕೆಯಲ್ಲಿ, ಬಸ್ಸಿನ ಗಾಜಿನಲ್ಲಿ. "ಅಕ್ಕನಿಗೆ ಇಲ್ಲದ ನೀರು ಕಾಣತ್ತೆ ಡಾಕ್ಟ್ರೇ" ಎಂದು ನೀನೇ ಹೇಳಿದ್ದು ನೆನಪಿದೆಯಾ? ಊರಿನ ಕಣ್ಣನ್ನೆಲ್ಲ ಪರೀಕ್ಷೆ ಮಾಡುವ ನನಗೆ ನನ್ನ ಕಣ್ಣಿನ ಮೇಲೇ ನಂಬಿಕೆ ಇರಲಿಲ್ಲ. ಅದಕ್ಕೇ ಅಳೆದು ಬರೆ, ಕೈ ಹಾಕಿ ನೋಡು ಎಂದು ಸುತ್ತಿ ಬಳಸಿ ಕೇಳಿದೆ. ಹಗ್ಗದ ವಿಷಯ ಓದಿದ ಮೇಲೆ ತಡೆಯಲಾಗಲಿಲ್ಲ, ಆಣೆ ಇಟ್ಟೆ.

ಈಗ ನೀನು ಹೇಳು. ಮುಚ್ಚುಮರೆ ಇಲ್ಲದೆ ಎಲ್ಲ ಹೇಳು. ನೀನು ಸುಳ್ಳು ಹೇಳಿದ ಜಾಗಕ್ಕೆ ನಾನು ಬರುವುದಿಲ್ಲ. ಇನ್ನೊಂದು ಇಂಥ ಕಾಗದ ಬಂದರೆ ಅದೇ ದಿನ ಕಚೇರಿಗೆ ಹೋಗಿ ಫ್ಲ್ಯಾಟಿಗೆ ಸಹಿ ಹಾಕುತ್ತೇನೆ. ಮಂಡಿ ಹೋದರೆ ಹೋಗಲಿ.

ಅಕ್ಕ

*

ಜೂನ್ ೯

ಅಕ್ಕಾ,

ಬಂತು. ಮೇ ಹನ್ನೊಂದರಂದು, ಸುಡುಬಿಸಿಲಿನಲ್ಲಿ. ಆಕಾಶದಲ್ಲಿ ಒಂದು ಹಿಡಿ ಮೋಡವೂ ಇರಲಿಲ್ಲ.

ನಿನ್ನ ಕಾಗದ ಆವತ್ತು ಬೆಳಿಗ್ಗೆ ಬಂದಿತ್ತು. ಗೊಣಗುತ್ತಲೇ ಟೆಂಟನ್ನು ದಿಬ್ಬಕ್ಕೆ ಹೊತ್ತೆ. ಒಣಗಲು ಹಾಕಿದ್ದ ಬನಿಯನ್ ತರಲು ಮತ್ತೆ ಮರಳಿಗೆ ಇಳಿದೆ. ಇಳಿದವನು ಸುಮ್ಮನೆ ನಿನ್ನ ಕೋಣೆಯಲ್ಲಿ ನಿಂತೆ. ಸುಣ್ಣದ ಗೆರೆಯ ಒಳಗೆ, ಕಿಟಕಿಯ ಜಾಗದಲ್ಲಿ. ಆಗ ದೂರದಲ್ಲಿ ಕಂಬಿ ಬಡಿದ ಶಬ್ದ ಕೇಳಿಸಿತು. ಶಾಲೆ ಬಿಟ್ಟಿತು ಎಂದುಕೊಂಡೆ. ಇಲ್ಲಿ ಶಾಲೆಯೇ ಇಲ್ಲ ಎಂಬುದು ಬೆಪ್ಪನಿಗೆ ಹೊಳೆಯಲಿಲ್ಲ. ಇನ್ನೊಂದು ಕಂಬಿ, ಇನ್ನೂ ಹತ್ತಿರ. ಆಮೇಲೆ ಟ್ಯಾಂಕರಿನ ಹಾರ್ನ್. ಟ್ಯಾಂಕರಮ್ಮ ದಿಬ್ಬದ ಮೇಲೆ ನಿಂತು ಕೈ ಬೀಸಿ ಕೂಗುತ್ತಿದ್ದಳು: "ಹತ್ತೋ ಮಾರಾಯ! ಮೇಲೆ ಹತ್ತೋ! ಹೊಳೆ ಬರ್ತಾ ಇದೆ!"

ಯಾವ ಹೊಳೆ ಎಂದು ಸುತ್ತ ನೋಡಿದೆ. ನೋಡಿದರೆ ಅದರ ನಡುವೆಯೇ ನಿಂತಿದ್ದೆ.

ಓಡಿದೆ. ದಿಬ್ಬ ಹತ್ತಿ ತಿರುಗಿದಾಗ ಮೊದಲು ಕಂಡದ್ದು ನೀರಲ್ಲ, ಕಸ. ಎಲೆ, ಕಡ್ಡಿ, ನೊರೆ ಎಲ್ಲ ಉರುಳಿಕೊಂಡು ಬಂತು. ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದು. ಅದರ ಹಿಂದೆ ಕಂದು ನೀರು, ಆ ಸಾಲಿನಿಂದ ಈ ಸಾಲಿನವರೆಗೆ. ನೋಡುತ್ತಿದ್ದಂತೆ ನಿನ್ನ ಕೋಣೆ ಹೋಯಿತು, ಅಡುಗೆಮನೆ ಹೋಯಿತು. ಎಲ್ಲೋ ದೂರದ ಗುಡ್ಡದಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿನಲ್ಲೇ ಹೊಳೆ ಬರುತ್ತದಂತೆ. ಒಮ್ಮೊಮ್ಮೆ ವರ್ಷಕ್ಕೊಮ್ಮೆ, ಒಮ್ಮೊಮ್ಮೆ ಐದು ವರ್ಷವಾದರೂ ಇಲ್ಲ. ಸಂಜೆಗೆ ನೀರು ಇಳಿಯಿತು. ಮರಳು ಮತ್ತೆ ಗುಡಿಸಿಟ್ಟ ಹಾಗೆ ಸಮ. ನನ್ನ ಬನಿಯನ್ ಮುಳ್ಳುಮರದಲ್ಲಿ, ಎದೆಯ ಎತ್ತರದಲ್ಲಿ, ಹೊಸ ಗೂಡಾಗಿ ಕೂತಿತ್ತು.

"ಮೊದಲೇ ಹೇಳಬಾರದಿತ್ತಾ?" ಎಂದು ಟ್ಯಾಂಕರಮ್ಮನ ಮೇಲೆ ರೇಗಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟು ದೊಡ್ಡ ಹೊಳೇನ ಹೊಳೆ ಅಂತ ಬೇರೆ ಹೇಳ್ಬೇಕಾ? ನೀವು ಹೊಳೆ ದಂಡೆಯೋರು ಅಂತೀರ!"

"ನಮ್ಮ ಹೊಳೇಲಿ ನೀರಿರತ್ತಮ್ಮಾ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು.

ಸುಳ್ಳು ಹೇಳಿದ್ದು ಯಾಕೆ ಎಂದರೆ, ಮಳೆ ಸದ್ದಾದರೆ ನೀನು ಮೆಟ್ಟಿಲ ಮೇಲೆ ಹೋಗಿ ಕೂರುವುದನ್ನು ನೋಡಿದ್ದೇನೆ. ನೀರು ಎಂಬ ಮಾತನ್ನು ಇಲ್ಲಿಂದಲೂ ಬರೆದರೆ ನೀನು ಒಡೆದುಹೋಗುತ್ತೀಯ ಎಂದು ಹೆದರಿದೆ. ನಿನ್ನ ಕಣ್ಣು ಸರಿಯಾಗಿಯೇ ಇತ್ತಕ್ಕಾ. ಡಾಕ್ಟರ ಹತ್ತಿರ ಹಾಗೆ ಹೇಳಿದ ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಕಂಬಿಯ ವಿಷಯ ಕೇಳಿ ತಿಳಿದುಕೊಂಡೆ. ಮೇಲಿನ ಗುಡ್ಡದ ಮನೆಯವರು ನೀರು ಕಂಡ ಕೂಡಲೇ ಬಡಿಯುತ್ತಾರೆ. ಅದು ಕೇಳಿಸಿದ ಮನೆ ತನ್ನ ಕಂಬಿ ಬಡಿಯುತ್ತದೆ. ಹೀಗೆ ಮನೆಯಿಂದ ಮನೆಗೆ ಸದ್ದು ಹೊಳೆಗಿಂತ ಮುಂದೆ ಓಡುತ್ತದೆ. ಆದರೆ ನಮ್ಮ ಜಾಗದ ಹತ್ತಿರ ಅದು ಕಡಿದುಹೋಗುತ್ತದೆ. ಇಲ್ಲಿದ್ದವರು ಬಿಟ್ಟುಹೋಗಿ ವರ್ಷಗಳಾದವು. ನಮಗಿಂತ ಮೇಲಿರುವ ಟ್ಯಾಂಕರಮ್ಮನ ಮನೆಯ ಕಂಬಿ ಕೆಳಗಿನ ಮನೆಗಳಿಗೆ ಕೇಳಿಸುವುದಿಲ್ಲ. ಅವಳು ಊರಲ್ಲಿದ್ದರೆ ಗಾಡಿ ಓಡಿಸಿಕೊಂಡು ಹೋಗಿ ಹಾರ್ನ್ ಹಾಕುತ್ತಾಳೆ. ನೀರು ತರಲು ಹೋಗಿದ್ದರೆ ಕೆಳಗಿನವರಿಗೆ ಹೇಳುವವರಿಲ್ಲ.

ನೋಡಿ ಹೇಳು ಎಂದು ನೀನು ಕಳಿಸಿದ್ದೆ. ನೋಡಿದೆ, ಹೇಳುತ್ತಿದ್ದೇನೆ. ದಿಬ್ಬದ ಮೇಲಿನ ಮನೆಯೊಳಗೆ ನೀರು ಬರಲಾರದು, ಹಳೆಯ ಗೂಡುಗಳೆಲ್ಲ ಅದಕ್ಕಿಂತ ಎಷ್ಟೋ ಕೆಳಗಿವೆ. ಆದರೆ ಬಾಗಿಲು ತೆರೆದರೆ ಎದುರಿಗೆ ಹೊಳೆ. ನೀನು ಕೇಳಿದ ಜಾಗ ಇದಲ್ಲ. ಫ್ಲ್ಯಾಟಿಗೇ ಸಹಿ ಹಾಕು. ಲಿಫ್ಟ್ ನಾನು ನೋಡಿಕೊಳ್ಳುತ್ತೇನೆ, ಕೆಟ್ಟ ದಿನ ನಿನ್ನನ್ನು ಹೊತ್ತುಕೊಂಡು ಹತ್ತುತ್ತೇನೆ. ನಿನ್ನ ಉತ್ತರ ಬಂದ ಕೂಡಲೇ ಟೆಂಟು ಮಡಚುತ್ತೇನೆ.

ತಮ್ಮ

*

ಜೂನ್ ೧೯

ತಮ್ಮಾ,

ಟೆಂಟು ಮಡಚಬೇಡ.

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ಕೂತೇ ಓದಿದೆ, ಹೊರಗೆ ಮಳೆ ಹಿಡಿದಿತ್ತು. ನೀರು ಉರುಳಿ ಬಂದದ್ದನ್ನು ಎರಡು ಸಲ ಓದಿದೆ. ಬನಿಯನ್ ಹತ್ತಿರ ಬಂದಾಗ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಮಳೆಯ ಸದ್ದಿನಲ್ಲಿ ನಾನು ನಕ್ಕು ಎಷ್ಟು ದಿನವಾಗಿತ್ತೋ.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ನೀರು ಬಂದ ದಿನ ನಮ್ಮ ಬೀದಿಗೆ ಮೊದಲೇ ಸುದ್ದಿ ಬಂದಿತ್ತು. ಎದುರುಮನೆಯವರು, ಪಕ್ಕದವರು, ಎಲ್ಲರೂ ಹೊರಟಿದ್ದರು. ಕನ್ನಡಕದಂಗಡಿಯ ಅಕ್ಕನಿಗೆ ಬೇರೆ ಯಾರಾದರೂ ಹೇಳಿರುತ್ತಾರೆ ಎಂದು ಒಬ್ಬೊಬ್ಬರೂ ಅಂದುಕೊಂಡರಂತೆ. ಆಮೇಲೆ ಬಂದು ಅತ್ತು ಹೇಳಿದರು. ಕೆಟ್ಟವರಲ್ಲ ಯಾರೂ. ಆದರೆ ಬಾಗಿಲು ಮಾತ್ರ ಯಾರೂ ಬಡಿಯಲಿಲ್ಲ. ನಾನು ಅಟ್ಟದ ಮೇಲೆ ಮುದುರಿಕೊಂಡು ಕಿವಿಗೊಟ್ಟು ಕೂತಿದ್ದೆ, ಯಾರಾದರೂ ಬಡಿಯುತ್ತಾರೆ ಎಂದು. ನೀರಿಗೆ ಹೆದರುತ್ತೇನೆ ಎಂದು ನೀನು ತಿಳಿದೆ, ನಾನೂ ಹಾಗೆಯೇ ತಿಳಿದಿದ್ದೆ. ನೀರು ಬರದ ಮನೆ ಬೇಕು ಎಂದದ್ದು ಅದಕ್ಕೇ. ನಿನ್ನ ಕಂಬಿಯ ಕಥೆ ಓದಿದ ಮೇಲೆ ಗೊತ್ತಾಯಿತು, ನನಗೆ ಬೇಕಾಗಿದ್ದದ್ದು ನೀರು ಬರುತ್ತಿದೆ ಎಂದು ಹೇಳುವ ಜನ.

ನಾಲ್ಕನೇ ಮಹಡಿಗೆ ನೀರು ಬರುವುದಿಲ್ಲ, ನಿಜ. ಅಲ್ಲಿ ಕೂತು ಇನ್ನೊಬ್ಬರ ಬಾಗಿಲು ಬಡಿಯಲೂ ಆಗುವುದಿಲ್ಲ. ಅಲ್ಲಿ ನಿಮ್ಮ ದಿಬ್ಬದ ಕೆಳಗೆ ಕೆಲವು ಮನೆಗಳಿವೆ, ಅವರಿಗೆ ಸದ್ದು ಮುಟ್ಟುವುದಿಲ್ಲ. ಅಲ್ಲೂ ಯಾರೋ ಕಿವಿಗೊಟ್ಟು ಕೂತಿರಬಹುದು. ಇದನ್ನು ತಿಳಿದ ಮೇಲೆ ನನ್ನಿಂದ ಲಿಫ್ಟ್ ಹತ್ತಲಾಗುವುದಿಲ್ಲ ಕಣೋ.

ಇವತ್ತು ಬೆಳಿಗ್ಗೆ ಕಚೇರಿಗೆ ಹೋಗಿ ಸಹಿ ಹಾಕಿ ಬಂದೆ, ನಿಮ್ಮ ಒಣ ಜಾಗಕ್ಕೆ. ಗುಮಾಸ್ತ "ಅಲ್ಲಿ ನೀರೇ ಇಲ್ಲ ಅಮ್ಮಾ, ಯೋಚನೆ ಮಾಡಿದ್ರಾ?" ಎಂದು ಮೂಗು ಮುರಿದ. "ಇದೆ ಕಣಪ್ಪಾ, ನಮ್ಮ ಹುಡುಗ ನೋಡಿ ಬರೆದಿದ್ದಾನೆ" ಎಂದೆ. ಅವನಿಗೆ ತಲೆಬುಡ ತಿಳಿಯಲಿಲ್ಲ.

ಇನ್ನು ನೀನು ಮಾಡಬೇಕಾದ್ದು. ಮನೆಯ ಗೆರೆಯನ್ನು ದಿಬ್ಬದ ಮೇಲೆ ಎಳೆ. ಗಾಳಿ ಬೀಸುವ ಕಡೆ ಗೋಡೆ, ಕಿಟಕಿ ಹೊಳೆಯ ಕಡೆಗೇ ಇರಲಿ. ನನಗೆ ಅದು ಕಾಣಬೇಕು. ಟ್ಯಾಂಕರಮ್ಮನಿಗೆ ಹೇಳು, ಒಬ್ಬಳು ಬರುತ್ತಿದ್ದಾಳೆ, ಇನ್ನು ನೀರು ತರಲು ನಿಶ್ಚಿಂತೆಯಿಂದ ಹೋಗಿ ಬಾ ಅಂತ. ಹಳೆಯ ಕನ್ನಡಕಗಳ ಒಂದು ಪೆಟ್ಟಿಗೆ ತರುತ್ತೇನೆ, ಮನೆಮನೆಯ ಚೀಲಕ್ಕೂ ಒಂದೊಂದು ಆಗುತ್ತದೆ. ನಿನ್ನ ಬನಿಯನ್ ಕೂಡ ತರುತ್ತೇನೆ.

ಮೊದಲು ರೈಲುಕಂಬಿಯ ಒಂದು ತುಂಡು ಹುಡುಕು. ಬಾಗಿಲ ಮುಂದೆ ಕಟ್ಟು. ಕಟ್ಟುವಾಗ ನಿನ್ನ ಕೈಗೆ ಎಟುಕುವ ಎತ್ತರ ನೋಡಬೇಡ, ಬಡಿಯುವವಳು ನಾನು. ಹೊಳೆ ಬರುವಾಗ ನಾನು ಸ್ಟೂಲ್ ಹುಡುಕುತ್ತಾ ಇರಬಾರದು.

ಅಕ್ಕ